ಸಾಲ್ಮೊನೆಲ್ಲಾ ಈಗ ಎಲ್ಲಿದೆ? ರೋಗ ತರುವ ಬಗೆಯನ್ನು ಓದಿಕೊಳ್ಳಲು ಒಂದು ಟಿಪ್ಪಣಿ

ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಪಾಠ ಓದಲು ಕುಳಿತವರನ್ನು ಮೊದಲು ಕಂಗೆಡಿಸುವುದು ಅದರ ಪ್ರೋಟೀನ್‌ಗಳ ಹೆಸರುಗಳ ಸಂತೆ. ಸಿಪ್‌ಎ, ಸಾಪ್‌ಬಿ, ಸಾಪ್‌ಇ, ಸಿಫ್‌ಎ, ಫೋಪಿ, ಫೋಕ್ಯೂ ಎಂದು ಸಾಲುಗಟ್ಟಿ ನಿಂತಿರುತ್ತವೆ. ನಾನು ಮೊದಲ ಸಲ ಇವನ್ನೆಲ್ಲ ಹಾಳೆಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದೆ. ವಾರ ಕಳೆಯುವುದರೊಳಗೆ ಯಾವುದು ಯಾವ ಕೆಲಸ ಮಾಡುತ್ತದೆ ಎಂಬುದೆಲ್ಲ ಕಲಸಿಹೋಯಿತು. ಆಮೇಲೆ ಕೈಹಿಡಿದದ್ದು ಒಂದೇ ಪ್ರಶ್ನೆ: ಈ ಬ್ಯಾಕ್ಟೀರಿಯಾ ಈಗ ದೇಹದ ಯಾವ ಜಾಗದಲ್ಲಿದೆ, ಅಲ್ಲಿ ಬದುಕಲು ಅದಕ್ಕೆ ಏನು ಬೇಕು? ಇದನ್ನು ಹಿಡಿದು ಹೊರಟರೆ ಹೆಸರುಗಳು ತಾವಾಗಿಯೇ ತಮ್ಮ ಜಾಗಕ್ಕೆ ಬಂದು ಕೂರುತ್ತವೆ.

ಮುಂದೆ ಹೋಗುವ ಮೊದಲು ಕುಲದ ಲೆಕ್ಕ ಸರಿಮಾಡಿಕೊಳ್ಳೋಣ. ಸಾಲ್ಮೊನೆಲ್ಲಾದಲ್ಲಿ ಇರುವುದು ಎರಡೇ ಪ್ರಭೇದ, ಎಂಟೆರಿಕಾ ಮತ್ತು ಬಾಂಗೊರಿ. ಎರಡನ್ನೂ ಸೇರಿಸಿ, ಮೈಮೇಲಿನ ಪ್ರತಿಜನಕಗಳ (ನಮ್ಮ ರೋಗನಿರೋಧಕ ವ್ಯವಸ್ಥೆ ಗುರುತಿಸುವ ಅಣುಗಳ) ವ್ಯತ್ಯಾಸದಿಂದ ಗುರುತಿಸಿದ 2500ಕ್ಕೂ ಹೆಚ್ಚು ಸೀರೋವಾರ್‌ಗಳು, ಅಂದರೆ ಒಳಬಗೆಗಳು, ಇವೆ. ಅವುಗಳಲ್ಲಿ ಬಹುಪಾಲು ಎಂಟೆರಿಕಾದವು. ಟೈಫಿ ಎಂಬ ಸೀರೋವಾರ್ ಮನುಷ್ಯರಿಗೆ ಮಾತ್ರ ಅಂಟಿ ವಿಷಮಶೀತ ಜ್ವರ ತರುತ್ತದೆ. ಟೈಫಿಮ್ಯೂರಿಯಂ, ಎಂಟೆರಿಟಿಡಿಸ್ ಮೊದಲಾದವು ಮೊಟ್ಟೆ, ಕೋಳಿಮಾಂಸಗಳ ಮೂಲಕ ಬಂದು ನಮ್ಮಲ್ಲಿ ವಾಂತಿಭೇದಿ ಉಂಟುಮಾಡುತ್ತವೆ. ಪ್ರಯೋಗಾಲಯದ ಕೆಲಸದ ಬಹುಪಾಲು ನಡೆದಿರುವುದು ಟೈಫಿಮ್ಯೂರಿಯಂ ಮೇಲೆ. ಒಂದು ಎಚ್ಚರಿಕೆ: ಇದೇ ಟೈಫಿಮ್ಯೂರಿಯಂ ಇಲಿಗೆ ಭೇದಿ ತರುವುದಿಲ್ಲ, ವಿಷಮಶೀತ ಜ್ವರವನ್ನು ಹೋಲುವ ಕಾಯಿಲೆ ತರುತ್ತದೆ. ಪ್ರಬಂಧ ಓದುವಾಗ ಯಾವ ಪ್ರಾಣಿ, ಯಾವ ಸೀರೋವಾರ್ ಎಂದು ನೋಡದೆ ತೀರ್ಮಾನಕ್ಕೆ ಹಾರಿದರೆ ಎಡವುತ್ತೇವೆ.

ಈ ಸಂಶೋಧನೆಯ ಬೆನ್ನೆಲುಬು ಒಂದು ಸರಳ ತರ್ಕ. ಒಂದು ಜೀನ್ ಕೆಡಿಸಿ. ರೋಗ ತರುವ ಶಕ್ತಿ ಕುಂದಿತೇ ನೋಡಿ. ಅದೇ ಜೀನನ್ನು ಮರಳಿ ಕೊಡಿ. ಶಕ್ತಿ ಮರಳಿತೇ ನೋಡಿ. ಸ್ಟ್ಯಾನ್ಲಿ ಫಾಲ್ಕೋ 1988ರಲ್ಲಿ ಇದನ್ನು, ಒಂದು ರೋಗಕ್ಕೆ ಇದೇ ಸೂಕ್ಷ್ಮಾಣು ಕಾರಣ ಎಂದು ಸಾಧಿಸುವ ಕಾಕ್‌ನ ನಿಯಮಗಳ ಅಣುಮಟ್ಟದ ರೂಪವೆಂದು ವಿಧಿಬದ್ಧವಾಗಿ ಹೇಳಿದರು. ಮೂರನೆಯ ಹೆಜ್ಜೆಯನ್ನು, ಅಂದರೆ ಜೀನನ್ನು ಮರಳಿ ಕೊಡುವುದನ್ನು, ಉತ್ತರ ಬರೆಯುವಾಗ ಬಹಳ ಜನ ಮರೆಯುತ್ತಾರೆ. ಅದಿಲ್ಲದಿದ್ದರೆ ಕೆಟ್ಟದ್ದು ಆ ಜೀನೋ ಪಕ್ಕದ್ದೋ ಹೇಳಲಾಗದು.

ಈಗ ಪ್ರಯಾಣ. ಜಠರದ ಆಮ್ಲದಲ್ಲಿ ಹೆಚ್ಚಿನವು ಸಾಯುತ್ತವೆ, ಉಳಿದವು ಕರುಳಿಗೆ ಇಳಿಯುತ್ತವೆ. ಅಲ್ಲಿ ಕಾಲಿಡಲು ಜಾಗವಿಲ್ಲ; ನಮ್ಮ ಕರುಳಿನ ಖಾಯಂ ಬ್ಯಾಕ್ಟೀರಿಯಾಗಳು ನೆಲೆಯೂರಿವೆ. ಈ ಕಾವಲು ಎಷ್ಟು ಬಿಗಿ ಎಂಬುದನ್ನು ಷಿಕಾಗೊದಲ್ಲಿ ಬೊನ್‌ಹಾಫ್ ಮತ್ತು ಮಿಲ್ಲರ್ ತೋರಿಸಿದರು. ಇಲಿಗೆ ಸೋಂಕು ತಗಲಿಸಲು ಸುಮಾರು ಒಂದು ಲಕ್ಷ ಸಾಲ್ಮೊನೆಲ್ಲಾ ಬೇಕಾಗುತ್ತಿತ್ತು. ಮೊದಲು ಸ್ಟ್ರೆಪ್ಟೊಮೈಸಿನ್ ಕೊಟ್ಟು ಕರುಳಿನ ಬ್ಯಾಕ್ಟೀರಿಯಾಗಳನ್ನು ತೆಗೆದಾಗ ಹತ್ತಕ್ಕೂ ಕಡಿಮೆ ಸಾಕಾಯಿತು. ಪ್ರತಿಜೀವಕವನ್ನು ಅನಗತ್ಯವಾಗಿ ನುಂಗುವ ಬಗ್ಗೆ ನನಗಿರುವ ಭಯಕ್ಕೆ ಈ ಎರಡು ಅಂಕಿಗಳೇ ಕಾರಣ. ಮುಂದೆ 2003ರಲ್ಲಿ ವುಲ್ಫ್-ಡೀಟ್ರಿಶ್ ಹಾರ್ಟ್ ಅವರ ತಂಡ ಇದೇ ಉಪಾಯದಿಂದ ಇಲಿಯ ಕರುಳಿನಲ್ಲಿ ಉರಿಯೂತ ತರಿಸಿತು. ಕರುಳಿನ ಕಾಯಿಲೆಯನ್ನು ಇಲಿಯಲ್ಲಿ ಓದುವ ದಾರಿ ತೆರೆದದ್ದು ಹೀಗೆ.

ಕರುಳಿನ ಗೋಡೆಗೆ ಬಂದ ಮೇಲೆ ಅದಕ್ಕೆ ಬೇಕಾದದ್ದು ಒಳದಾರಿ. ಗೋಡೆಯ ಕೋಶಗಳು ಬ್ಯಾಕ್ಟೀರಿಯಾಗಳನ್ನು ನುಂಗುವ ಜಾತಿಯವಲ್ಲ, ನುಂಗುವಂತೆ ಮಾಡಬೇಕು. 1989ರಲ್ಲಿ ಹೋರ್ಹೆ ಗಲಾನ್ ಮತ್ತು ರಾಯ್ ಕರ್ಟಿಸ್ ಒಳನುಗ್ಗಲು ಬೇಕಾದ ಜೀನ್‌ಗಳನ್ನು ಗುರುತಿಸಿದರು. ಅವು ವರ್ಣತಂತುವಿನ ಒಂದೇ ತುಂಡಿನಲ್ಲಿ ಗುಂಪಾಗಿ ಕುಳಿತಿವೆ. ಆ ತುಂಡಿಗೆ ಇಂದು ಎಸ್‌ಪಿಐ-1 ಎಂದು ಹೆಸರು, ರೋಗಕಾರಕ ದ್ವೀಪ ಎನ್ನುವುದು ಇಂಥ ತುಂಡನ್ನೇ. ಆ ಜೀನ್‌ಗಳು ಕಟ್ಟುವುದು ಒಂದು ಸೂಜಿಯನ್ನು. 1998ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದು ಕಣ್ಣಿಗೇ ಕಂಡಿತು: ಬ್ಯಾಕ್ಟೀರಿಯಾದ ಎರಡೂ ಪೊರೆಗಳಲ್ಲಿ ಹೂತ ಉಂಗುರಗಳ ಬುಡ, ಅದರಿಂದ ಹೊರಚಾಚಿದ ಟೊಳ್ಳು ಕಡ್ಡಿ.

ಆ ಟೊಳ್ಳಿನ ಮೂಲಕ ಕೋಶದೊಳಗೆ ಹೋಗುವ ಪ್ರೋಟೀನ್‌ಗಳಲ್ಲಿ ಎರಡನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಇಡೀ ಪಾಠದಲ್ಲಿ ನನ್ನ ಮನಸ್ಸು ಗೆದ್ದ ಭಾಗ ಇದೇ. ಸಾಪ್‌ಇ ಎಂಬುದು ಕೋಶದ ರಾಕ್1, ಸಿಡಿಸಿ42 ಎಂಬ ಸ್ವಿಚ್‌ಗಳನ್ನು ಹಾಕುತ್ತದೆ. ಆಗ ಪೊರೆಯ ಕೆಳಗಿನ ಆಕ್ಟಿನ್ ಎಳೆಗಳು ಬೆಳೆದು, ಪೊರೆ ಹಾಲು ಉಕ್ಕಿದಂತೆ ಮೇಲೆದ್ದು ಬ್ಯಾಕ್ಟೀರಿಯಾವನ್ನು ಸುತ್ತಿ ಒಳಗೆಳೆದುಕೊಳ್ಳುತ್ತದೆ. ಎಸ್‌ಪಿಟಿಪಿ ಎಂಬ ಇನ್ನೊಂದು ಪ್ರೋಟೀನ್ ಅದೇ ಸ್ವಿಚ್‌ಗಳನ್ನು ಆರಿಸುತ್ತದೆ, ಉಕ್ಕಿದ ಪೊರೆ ತಗ್ಗುತ್ತದೆ. ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಒಳಹೋಗುತ್ತವೆ. ಹಾಗಿದ್ದರೆ ಒಂದು ಇನ್ನೊಂದನ್ನು ಏಕೆ ಕೆಡಿಸುವುದಿಲ್ಲ? 2003ರಲ್ಲಿ ಕುಬೊರಿ ಮತ್ತು ಗಲಾನ್ ಉತ್ತರ ಕೊಟ್ಟರು: ಕೋಶದ ಕಸ ವಿಲೇವಾರಿ ಯಂತ್ರವಾದ ಪ್ರೋಟಿಯಾಸೋಮ್ ಸಾಪ್‌ಇಯನ್ನು ಬೇಗ ಚೂರು ಮಾಡುತ್ತದೆ, ಎಸ್‌ಪಿಟಿಪಿಯನ್ನು ನಿಧಾನವಾಗಿ. ಬಾಗಿಲು ತೆರೆಯುವುದೂ ಮುಚ್ಚುವುದೂ ಸರಿಯಾದ ಹೊತ್ತಿಗೆ ಆಗುವುದು ನಮ್ಮದೇ ಕೋಶದ ಯಂತ್ರದಿಂದ.

ಈ ದಾಳಿಗೆ ಕರುಳು ಸುಮ್ಮನಿರುವುದಿಲ್ಲ. ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಧಾವಿಸಿ ಬಂದು ಆಮ್ಲಜನಕದ ತೀಕ್ಷ್ಣ ರೂಪಗಳನ್ನು ಸುರಿಯುತ್ತವೆ, ಇದೇ ಉರಿಯೂತ. ಇದರಿಂದ ಸಾಲ್ಮೊನೆಲ್ಲಾಗೆ ನಷ್ಟವೇ ಎಂದು ಕೇಳಿದರೆ, ಉತ್ತರ ಪ್ರಯೋಗಾಲಯದ ಒಂದು ಹಳೆಯ ಸೀಸೆಯಲ್ಲಿದೆ. ಮಲದ ಮಾದರಿಯಿಂದ ಸಾಲ್ಮೊನೆಲ್ಲಾವನ್ನು ಬೆಳೆಸಲು 1923ರಿಂದ ಟೆಟ್ರಾಥಯೊನೇಟ್ ದ್ರವ ಬಳಕೆಯಲ್ಲಿದೆ. ಅದನ್ನು ತಯಾರಿಸಿದವರಿಗೆ ನೆನಪಿರುತ್ತದೆ: ತಳದಲ್ಲಿ ಸುಣ್ಣದಂಥ ಬಿಳಿ ಗಸಿ, ಬಳಸುವ ಹೊತ್ತಿಗೆ ಹನಿಸುವ ಅಯೋಡಿನ್. ಆ ಅಯೋಡಿನ್ ಸೀಸೆಯಲ್ಲಿರುವ ಥಯೋಸಲ್ಫೇಟ್ ಎಂಬ ಗಂಧಕದ ಸಂಯುಕ್ತವನ್ನು ಟೆಟ್ರಾಥಯೊನೇಟ್ ಆಗಿ ಬದಲಿಸುತ್ತದೆ. 2010ರಲ್ಲಿ ಆಂಡ್ರಿಯಾಸ್ ಬಾಯ್ಮ್ಲರ್ ಅವರ ತಂಡ ಇದೇ ರಸಾಯನಕ್ರಿಯೆ ಉರಿಯುತ್ತಿರುವ ಕರುಳಿನಲ್ಲೂ ನಡೆಯುತ್ತದೆ ಎಂದು ತೋರಿಸಿತು. ಅಲ್ಲಿ ಅಯೋಡಿನ್‌ನ ಕೆಲಸವನ್ನು ನ್ಯೂಟ್ರೊಫಿಲ್‌ಗಳು ಸುರಿದ ಆಮ್ಲಜನಕದ ರೂಪಗಳು ಮಾಡುತ್ತವೆ. ಆಮ್ಲಜನಕವಿಲ್ಲದ ಕಡೆ ಸಾಲ್ಮೊನೆಲ್ಲಾ ಟೆಟ್ರಾಥಯೊನೇಟ್ ಬಳಸಿ ಉಸಿರಾಡಬಲ್ಲದು, ಹುದುಗುವಿಕೆಯನ್ನೇ ನಂಬಿದ ನೆರೆಯ ಬ್ಯಾಕ್ಟೀರಿಯಾಗಳಿಗೆ ಅದು ಆಗದು. ಕಾವಲುಗಾರರನ್ನು ಹಿಂದಿಕ್ಕಲು ಅದಕ್ಕೆ ಉರಿಯೂತವೇ ಬೇಕು. ಭೇದಿಯನ್ನು ಸೋಂಕಿನ ಅಡ್ಡಪರಿಣಾಮ ಎಂದು ಬರೆಯುತ್ತಿದ್ದ ನಾನು ಇದನ್ನು ಓದಿದ ದಿನ ಆ ಸಾಲನ್ನು ಹೊಡೆದುಹಾಕಿದೆ.

ಒಳಗೆ ಹೋದವುಗಳ ಕಥೆ ಬೇರೆ. ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶ ನುಂಗಿದ ಬ್ಯಾಕ್ಟೀರಿಯಾ ಒಂದು ರಸದಾನಿಯಲ್ಲಿ, ಅಂದರೆ ಕೋಶದೊಳಗಿನ ಪೊರೆಯ ಚೀಲದಲ್ಲಿ, ಸೆರೆಯಾಗುತ್ತದೆ. ಅಲ್ಲಿ ಆಮ್ಲ ಹೆಚ್ಚು, ಮೆಗ್ನೀಸಿಯಂ ಕಡಿಮೆ. ಫೋಕ್ಯೂ ಎಂಬ ಸಂವೇದಕ ಈ ಬದಲಾವಣೆಯನ್ನು ಗ್ರಹಿಸಿ ಫೋಪಿಗೆ ತಿಳಿಸುತ್ತದೆ, ಫೋಪಿ ಜೀನ್‌ಗಳನ್ನು ಎಚ್ಚರಿಸುತ್ತದೆ. ಈಗ ಕೆಲಸಕ್ಕೆ ಬರುವುದು ಎಸ್‌ಪಿಐ-2 ಎಂಬ ಇನ್ನೊಂದು ದ್ವೀಪ ಕಟ್ಟುವ ಎರಡನೆಯ ಸೂಜಿ. ಒಳನುಗ್ಗಲು ಎಸ್‌ಪಿಐ-1, ಒಳಗೆ ಬಾಳಲು ಎಸ್‌ಪಿಐ-2. ಪರೀಕ್ಷೆಯಲ್ಲಿ ಇವನ್ನು ಅದಲುಬದಲು ಮಾಡಬೇಡಿ.

ಎಸ್‌ಪಿಐ-2 ಸಿಕ್ಕ ರೀತಿಯೂ ಸೊಗಸು. 1995ರಲ್ಲಿ ಲಂಡನ್ನಿನ ಡೇವಿಡ್ ಹೋಲ್ಡನ್ ತಂಡ ಒಂದೊಂದು ಜೀನ್ ಕೆಡಿಸಿದ ಒಂದೊಂದು ರೂಪಾಂತರಿ ತಳಿಗೂ ಬೇರೆಬೇರೆ ಡಿಎನ್‌ಎ ಗುರುತುಚೀಟಿ ಅಂಟಿಸಿತು. 96 ತಳಿಗಳನ್ನು ಬೆರೆಸಿ ಒಂದೇ ಇಲಿಗೆ ಚುಚ್ಚಿದರು. ಮೂರು ದಿನದ ನಂತರ ಗುಲ್ಮದಿಂದ ಬ್ಯಾಕ್ಟೀರಿಯಾ ತೆಗೆದು ಯಾವ ಚೀಟಿ ಕಾಣೆಯಾಗಿದೆ ಎಂದು ನೋಡಿದರು. ಹೋಗುವಾಗ ಇದ್ದು ಬರುವಾಗ ಇಲ್ಲದ ತಳಿಯಲ್ಲಿ ಕೆಟ್ಟಿದ್ದ ಜೀನೇ ರೋಗಕ್ಕೆ ಬೇಕಾದ ಜೀನ್. ತರಗತಿಯ ಹಾಜರಿ ಕರೆದಂತೆ!

ಇದೇ ರಸದಾನಿಯ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀಪ್‌ಶಿಖಾ ಚಕ್ರವರ್ತಿ ಅವರ ತಂಡ 2010ರಲ್ಲಿ ಹೊಸ ಸಂಗತಿ ಹೇಳಿತು. ಬ್ಯಾಕ್ಟೀರಿಯಾ ಇಬ್ಭಾಗವಾದಾಗ ಅದರ ಜೊತೆಗೆ ರಸದಾನಿಯೂ ಒಡೆದು ಎರಡಾಗುತ್ತದೆ, ಒಂದು ಮನೆಗೆ ಒಂದೇ ಬ್ಯಾಕ್ಟೀರಿಯಾ. ಇತ್ತ ಅವುಗಳನ್ನು ಜೀರ್ಣಿಸಬೇಕಾದ ಲೈಸೋಸೋಮ್‌ಗಳ ಸಂಖ್ಯೆ ಹೆಚ್ಚುವುದಿಲ್ಲ, ಬದಲಿಗೆ ಕುಗ್ಗುತ್ತದೆ. ಹುಡುಕಬೇಕಾದ ಮನೆಗಳು ಹೆಚ್ಚು, ಹುಡುಕುವವರು ಕಡಿಮೆ.

ಕೊನೆಗೆ ಟೈಫಿ. ಇದು ಕರುಳಿನಲ್ಲಿ ಗದ್ದಲ ಮಾಡದೆ ಯಕೃತ್ತು, ಗುಲ್ಮ, ಮೂಳೆಮಜ್ಜೆಗಳಿಗೆ ಸಾಗುತ್ತದೆ. ಕೆಲವರ ಪಿತ್ತಕೋಶದಲ್ಲಿ ವರ್ಷಗಟ್ಟಲೆ ತಂಗುತ್ತದೆ. ಅದರ ಮೈಮೇಲಿನ ವಿಐ ಹೊದಿಕೆ ರೋಗನಿರೋಧಕ ಕಣ್ಣುಗಳಿಂದ ಅದನ್ನು ಮರೆಮಾಡುತ್ತದೆ. ಇಂದಿನ ಹಲವು ಟೈಫಾಯ್ಡ್ ಲಸಿಕೆಗಳು ಈ ಹೊದಿಕೆಯನ್ನೇ ಗುರಿಯಾಗಿಸಿವೆ. 2001ರಲ್ಲಿ ಟೈಫಿಯ ಜೀನೋಮನ್ನು ಓದಿದಾಗ 200ಕ್ಕೂ ಹೆಚ್ಚು ಜೀನ್‌ಗಳು ಕೆಟ್ಟು ನಿಷ್ಕ್ರಿಯವಾಗಿದ್ದವು. ಅದೇ ವರ್ಷ ಓದಿದ ಟೈಫಿಮ್ಯೂರಿಯಂನಲ್ಲಿ ಅಂಥವು ಸುಮಾರು 40. ಟೈಫಿಯಲ್ಲಿ ಕೆಟ್ಟುಹೋದವುಗಳ ಪೈಕಿ ಟೆಟ್ರಾಥಯೊನೇಟ್ ಉಸಿರಾಟಕ್ಕೆ ಸೇರಿದ ಜೀನ್ ಕೂಡ ಇದೆ.