ಥ್ರಾಟಲ್ ಸ್ಟಿಕ್ಕಿಗೂ ಮೋಟಾರಿಗೂ ನಡುವೆ

ರೇಡಿಯೊ ನಿಯಂತ್ರಣದ ಮಾದರಿ ವಿಮಾನಕ್ಕೆ ಬೇಕಾದ ವೇಗ ನಿಯಂತ್ರಕ ಅಂಗಡಿಯಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ಆದರೂ ಒಂದನ್ನಾದರೂ ಸ್ವತಃ ಕಟ್ಟಿ ನೋಡಬೇಕು ಎಂಬುದು ನನ್ನ ಒತ್ತಾಯ. ಕೈಯಲ್ಲಿರುವ ಟ್ರಾನ್ಸ್‌ಮಿಟರಿನ ಥ್ರಾಟಲ್ ಸ್ಟಿಕ್, ಅಂದರೆ ವೇಗ ಹೆಚ್ಚು ಕಡಿಮೆ ಮಾಡುವ ಕಡ್ಡಿ, ಇಷ್ಟು ಸರಿದರೆ ಮೋಟಾರ್ ಎಷ್ಟು ತಿರುಗಬೇಕು, ಸಂಕೇತ ನಿಂತುಹೋದರೆ ಏನಾಗಬೇಕು ಎಂಬುದನ್ನು ಆಗ ನಾವೇ ನಿರ್ಧರಿಸಬಹುದು.

ವಿಮಾನದಲ್ಲಿದ್ದು ರೇಡಿಯೊ ಸಂಕೇತವನ್ನು ಹಿಡಿಯುವ ರಿಸೀವರ್ ಸಾಮಾನ್ಯವಾಗಿ ಸೆಕೆಂಡಿಗೆ 50 ಬಾರಿ ಪುಟ್ಟದೊಂದು ವಿದ್ಯುತ್ ಸ್ಪಂದನವನ್ನು ಕಳಿಸುತ್ತದೆ. ಅದು 1 ಮಿಲಿಸೆಕೆಂಡ್ ಇದ್ದರೆ ಮೋಟಾರ್ ನಿಲ್ಲಬೇಕು, 2 ಮಿಲಿಸೆಕೆಂಡ್ ಇದ್ದರೆ ಪೂರ್ತಿ ವೇಗದಲ್ಲಿ ತಿರುಗಬೇಕು. ಈ ಅವಧಿಯನ್ನು ಅಳೆಯುವುದು ಪ್ರೋಗ್ರಾಮ್ ತುಂಬಬಹುದಾದ ಪುಟ್ಟ ಚಿಪ್ಪಾದ ಅಗ್ಗದ ಮೈಕ್ರೋಕಂಟ್ರೋಲರಿಗೂ ಸುಲಭದ ಕೆಲಸ.

ಕಷ್ಟವಿರುವುದು ಮೋಟಾರಿನ ಕಡೆ. ರೇಡಿಯೊ ನಿಯಂತ್ರಣದ ಹಳೆಯ ಪುಟ್ಟ ಕಾರುಗಳಲ್ಲಿ ಬ್ಯಾಟರಿಗೂ ಮೋಟಾರಿಗೂ ನಡುವೆ ರೋಧಕವನ್ನು ಸೇರಿಸಿ ವೇಗ ತಗ್ಗಿಸುತ್ತಿದ್ದರು. 7.2 ವೋಲ್ಟ್ ಬ್ಯಾಟರಿಯ ಅರ್ಧ ವೋಲ್ಟೇಜ್ ರೋಧಕದಲ್ಲೇ ಉಳಿದು, 10 ಆಂಪಿಯರ್ ಹರಿದರೆ, 36 ವ್ಯಾಟ್ ಬರಿಯ ಶಾಖವಾಗಿ ಹೋಗುತ್ತದೆ. ಬೆಸುಗೆ ಹಾಕುವ 25 ವ್ಯಾಟಿನ ಐರನ್ನಿಗಿಂತ ಅದು ಬಿಸಿ ಕೆಲಸ. ಅದರ ಬದಲು ಮಾಸ್ಫೆಟ್ ಎಂಬ ಟ್ರಾನ್ಸಿಸ್ಟರ್ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಹರಿಸಿ ತಡೆಯುತ್ತದೆ. ಹರಿಯುವ ಸಮಯದ ಪಾಲು ಹೆಚ್ಚಿದಂತೆ ವೇಗವೂ ಹೆಚ್ಚುತ್ತದೆ.

ಮಾಸ್ಫೆಟ್ ಕೊಳ್ಳುವಾಗ ಅದರ ಹೆಸರಿನ ಒಂದಕ್ಷರದ ಬಗ್ಗೆ ಎಚ್ಚರವಿರಲಿ. ಐಆರ್‌ಎಫ್‌ಝಡ್44ಎನ್ ಪೂರ್ತಿ ತೆರೆದುಕೊಳ್ಳಲು ಅದರ ಗೇಟಿಗೆ, ಅಂದರೆ ಅದನ್ನು ನಿಯಂತ್ರಿಸುವ ಕಾಲಿಗೆ, ಸುಮಾರು 10 ವೋಲ್ಟ್ ಬೇಕು. ಮೈಕ್ರೋಕಂಟ್ರೋಲರಿನ 5 ವೋಲ್ಟಿಗೆ ಅದು ಅರೆತೆರೆದು ಸುಡುತ್ತದೆ. ಐಆರ್‌ಎಲ್‌ಝಡ್44ಎನ್ 5 ವೋಲ್ಟಿಗೇ ತೆರೆಯುತ್ತದೆ. ಆಗ ಅದರ ರೋಧ ಹೆಚ್ಚೆಂದರೆ 0.025 ಓಮ್, 10 ಆಂಪಿಯರಿಗೆ ನಷ್ಟ 2.5 ವ್ಯಾಟಿನ ಆಸುಪಾಸು. ಗೇಟಿನಿಂದ ಗ್ರೌಂಡಿಗೆ (ಬ್ಯಾಟರಿಯ ಋಣ ತುದಿಗೆ) 10 ಕಿಲೊಓಮ್ ರೋಧಕವೊಂದನ್ನು ಮರೆಯದೆ ಹಾಕಬೇಕು, ಇಲ್ಲವಾದರೆ ಪ್ರೋಗ್ರಾಮ್ ಶುರುವಾಗುವ ಮೊದಲೇ ಮೋಟಾರ್ ತಿರುಗಿಬಿಡಬಹುದು. ಮೋಟಾರಿಗೆ ಅಡ್ಡಲಾಗಿ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಷಾಟ್ಕಿ ಡಯೋಡ್ ಕೂಡ ಬೇಕು. ಮಾಸ್ಫೆಟ್ ಮುಚ್ಚಿದ ಕ್ಷಣದಲ್ಲಿ ಮೋಟಾರಿನ ಸುರುಳಿಯಲ್ಲಿರುವ ಪ್ರವಾಹಕ್ಕೆ ದಾರಿ ಸಿಗದಿದ್ದರೆ ಅದು ವೋಲ್ಟೇಜನ್ನು ಏರಿಸಿ ಮಾಸ್ಫೆಟ್ಟನ್ನೇ ಕೊಲ್ಲುತ್ತದೆ.

ಇಷ್ಟಾದ ಮೇಲೆ ಸಿಗುವ ಸುಖವೇ ಬೇರೆ. ಪ್ರೊಪೆಲ್ಲರ್ ಕೊಡುವ ನೂಕುಬಲ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ: ಅರ್ಧ ವೇಗದಲ್ಲಿ ಸಿಗುವುದು ಕಾಲು ಭಾಗ ಬಲ ಮಾತ್ರ. ಹಾಗಾಗಿ ಸ್ಟಿಕ್ಕಿನ ಮೊದಲರ್ಧದಲ್ಲಿ ವಿಮಾನ ಸೋಮಾರಿ, ಕೊನೆಯಲ್ಲಿ ಚಂಡಿ. ಸ್ಟಿಕ್ಕಿನ ಅರ್ಧಕ್ಕೆ ಅರ್ಧ ಬಲ ಬೇಕೆಂದರೆ ವೇಗ ಶೇ. 71ರಷ್ಟಿರಬೇಕು. ಈ ವರ್ಗಮೂಲದ ಲೆಕ್ಕವನ್ನು ಪುಟ್ಟ ಕೋಷ್ಟಕವಾಗಿ ಪ್ರೋಗ್ರಾಮಿನಲ್ಲಿಟ್ಟರೆ ಬೆರಳಿನ ಚಲನೆಗೆ ವಿಮಾನ ಸಮನಾಗಿ ಸ್ಪಂದಿಸುತ್ತದೆ. ಹೊರೆಯ ಕಾರಣದಿಂದ ಮೋಟಾರಿನ ವೇಗ ವೋಲ್ಟೇಜಿಗೆ ತಕ್ಕಷ್ಟೇ ಏರುವುದಿಲ್ಲ, ಆದ್ದರಿಂದ ಹಾರಿಸಿ ನೋಡಿ ಆ ಅಂಕಿಗಳನ್ನು ತಿದ್ದಬೇಕಾಗುತ್ತದೆ.

ಸುರಕ್ಷತೆಯಲ್ಲಿ ಮಾತ್ರ ರಾಜಿ ಬೇಡ. ಬ್ಯಾಟರಿ ಜೋಡಿಸಿದಾಗ ಸ್ಟಿಕ್ ಕೆಳಗಿರುವುದು ಖಚಿತವಾಗುವವರೆಗೆ ಮೋಟಾರ್ ಅಲುಗಬಾರದು. ಸ್ಪಂದನ ಬರುವುದು ನಿಂತರೆ, ಇಲ್ಲವೇ ಅಸಂಬದ್ಧ ಅವಧಿಯದ್ದು ಬರುತ್ತಲೇ ಇದ್ದರೆ, ಅರೆ ಸೆಕೆಂಡಿನೊಳಗೆ ಶಕ್ತಿ ಕಡಿತವಾಗಬೇಕು. ಕೆಲವು ರಿಸೀವರುಗಳು ಸಂಪರ್ಕ ತಪ್ಪಿದ ಮೇಲೂ ಕೊನೆಯ ಆದೇಶವನ್ನೇ ಕಳಿಸುತ್ತಿರುತ್ತವೆ. ನಮ್ಮ ನಿಯಂತ್ರಕಕ್ಕೆ ಆಗ ಯಾವ ದೋಷವೂ ಕಾಣುವುದಿಲ್ಲ. ಆದ್ದರಿಂದ ಸಂಪರ್ಕ ತಪ್ಪಿದರೆ ಥ್ರಾಟಲ್ ಶೂನ್ಯಕ್ಕೆ ಇಳಿಯುವಂತೆ ರಿಸೀವರಿನಲ್ಲೇ ಹೊಂದಿಸಿ. ಬಳಿಕ ಪ್ರೊಪೆಲ್ಲರ್ ಕಳಚಿಟ್ಟು, ಮೋಟಾರ್ ತಿರುಗುತ್ತಿರುವಾಗಲೇ ಟ್ರಾನ್ಸ್‌ಮಿಟರನ್ನು ಆಫ್ ಮಾಡಿ ಪರೀಕ್ಷಿಸಿ.