ಟೆಸ್ಟೋಸ್ಟೆರಾನ್ ಕೊಟ್ಟರೆ ವೀರ್ಯಾಣು ಏಕೆ ಇಳಿಯುತ್ತದೆ? ಗಂಡಸರ ಬಂಜೆತನದ ಚಿಕಿತ್ಸೆ: ಅಧ್ಯಯನ ಟಿಪ್ಪಣಿ

ವೀರ್ಯ ಪರೀಕ್ಷೆಯ ಅಂಕಿಗಳು ಎಲ್ಲರ ನೋಟ್ಸ್‌ನಲ್ಲೂ ಇರುತ್ತವೆ, ಬೇಗ ಮುಗಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಮಿತಿ ಹೀಗಿದೆ: ವೀರ್ಯದ ಪ್ರಮಾಣ 1.4 ಮಿ.ಲೀ., ಒಂದು ಮಿ.ಲೀ.ಗೆ 1.6 ಕೋಟಿ ವೀರ್ಯಾಣು, ಒಟ್ಟು ಚಲನೆ ಶೇ 42, ಸಹಜ ಆಕಾರ ಶೇ 4. ಇದು ಪಾಸು-ಫೇಲಿನ ಗೆರೆಯಲ್ಲ. ಒಂದು ವರ್ಷದೊಳಗೆ ಸಂಗಾತಿ ಗರ್ಭ ಧರಿಸಿದ ಗಂಡಸರಲ್ಲೂ ಶೇ 5ರಷ್ಟು ಮಂದಿ ಪ್ರತಿ ಅಂಕಿಯಲ್ಲೂ ಅದಕ್ಕಿಂತ ಕೆಳಗಿದ್ದರು. ಇಷ್ಟು ಸುಲಭದ ಪರೀಕ್ಷೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹೆಂಡತಿಯ ಸ್ಕ್ಯಾನು, ರಕ್ತಪರೀಕ್ಷೆ, ಹರಕೆ ಎಲ್ಲ ಮುಗಿದ ಮೇಲೆ ನಡೆಯುತ್ತದೆ. ಇಬ್ಬರನ್ನೂ ಮೊದಲ ಭೇಟಿಯಲ್ಲೇ ಪರೀಕ್ಷಿಸಬೇಕು ಎಂಬುದನ್ನು ಎಷ್ಟು ಸಲ ಬರೆದರೂ ಕಡಿಮೆಯೇ.

ಗಂಟು ಇರುವ ಜಾಗ

ವೀರ್ಯಾಣು ಬೆಳೆಯಲು ಟೆಸ್ಟೋಸ್ಟೆರಾನ್ ಬೇಕೇ ಬೇಕು. ಆದರೆ ಅದನ್ನೇ ಇಂಜೆಕ್ಷನ್ ಮೂಲಕ ಕೊಟ್ಟರೆ ವೀರ್ಯಾಣುಗಳ ಸಂಖ್ಯೆ ಇಳಿಯುತ್ತದೆ, ಹಲವರಲ್ಲಿ ಸೊನ್ನೆಗೇ ಬರುತ್ತದೆ. ಎರಡೂ ಹೇಗೆ ನಿಜ? ಈ ಹೆಜ್ಜೆ ದಾಟುವವರೆಗೆ ಮುಂದಿನ ಯಾವ ಔಷಧವೂ ತಲೆಗೆ ಹತ್ತುವುದಿಲ್ಲ.

ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎರಡು ಹಾರ್ಮೋನುಗಳನ್ನು ಕಳಿಸುತ್ತದೆ. ಎಲ್‌ಎಚ್ ಹೋಗಿ ವೃಷಣದ ಲೇಡಿಗ್ ಕೋಶಗಳಿಂದ ಟೆಸ್ಟೋಸ್ಟೆರಾನ್ ಮಾಡಿಸುತ್ತದೆ. ಎಫ್‌ಎಸ್‌ಎಚ್ ಹೋಗಿ ವೀರ್ಯಾಣುಗಳನ್ನು ಪೋಷಿಸುವ ಸರ್ಟೋಲಿ ಕೋಶಗಳನ್ನು ನಡೆಸುತ್ತದೆ. ಲೇಡಿಗ್ ಕೋಶಗಳು ಸರ್ಟೋಲಿ ಕೋಶಗಳ ನೆರೆಯಲ್ಲೇ ಇರುವುದರಿಂದ ವೃಷಣದೊಳಗಿನ ಟೆಸ್ಟೋಸ್ಟೆರಾನ್ ಮಟ್ಟ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ವೀರ್ಯಾಣುವಿಗೆ ಬೇಕಾದದ್ದು ಆ ಒಳಗಿನ ಮಟ್ಟ. ಮೆದುಳು ಅಳೆಯುವುದು ರಕ್ತದ ಮಟ್ಟವನ್ನು ಮಾತ್ರ.

ಊರಿನ ಟ್ಯಾಂಕಿಗೆ ಲಾರಿಯಲ್ಲಿ ನೀರು ತಂದು ತುಂಬಿಸಿದರೆ, ಟ್ಯಾಂಕು ತುಂಬಿದೆಯೆಂದು ಪಂಪ್ ನಿಲ್ಲಿಸುತ್ತಾರೆ. ಊರಿಗೆ ನೀರಿರುತ್ತದೆ, ಆದರೆ ಪಂಪಿನ ಬಾಯಿಂದಲೇ ನೀರುಣ್ಣುತ್ತಿದ್ದ ತೋಟ ಒಣಗುತ್ತದೆ. ಇಲ್ಲೂ ಅಷ್ಟೇ: ಇಂಜೆಕ್ಷನ್‌ನಿಂದ ರಕ್ತದ ಮಟ್ಟ ಏರಿತು, ಎಲ್‌ಎಚ್, ಎಫ್‌ಎಸ್‌ಎಚ್ ಎರಡೂ ಇಳಿದವು, ಲೇಡಿಗ್ ಕೋಶಗಳು ಸುಮ್ಮನಾದವು, ವೃಷಣದೊಳಗಿನ ಮಟ್ಟ ಕುಸಿಯಿತು. ರಕ್ತದ ವರದಿ ಮಾತ್ರ ಚೆನ್ನಾಗಿಯೇ ಕಾಣುತ್ತದೆ. ಇದೇ ಗುಣಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆ ಟೆಸ್ಟೋಸ್ಟೆರಾನನ್ನು ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿತ್ತು ಎಂಬುದನ್ನು ನೆನಪಿಟ್ಟರೆ ವಿಷಯ ಮರೆಯುವುದಿಲ್ಲ.

ಇಷ್ಟು ತಿಳಿದರೆ ಚಿಕಿತ್ಸೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಹೊರಗಿನ ಟೆಸ್ಟೋಸ್ಟೆರಾನ್ ನಿಲ್ಲಿಸಬೇಕು. ಎಚ್‌ಸಿಜಿ ಎಂಬ ಹಾರ್ಮೋನ್ ಇಂಜೆಕ್ಷನ್ ಎಲ್‌ಎಚ್‌ನ ಗ್ರಾಹಕಕ್ಕೇ (ರಿಸೆಪ್ಟರ್) ಅಂಟಿಕೊಂಡು ಲೇಡಿಗ್ ಕೋಶಗಳನ್ನು ಎಬ್ಬಿಸುತ್ತದೆ. ಬೇಕಾದರೆ ಎಫ್‌ಎಸ್‌ಎಚ್ ಸೇರಿಸುತ್ತಾರೆ. ಕ್ಲೋಮಿಫೀನ್ ಮಾತ್ರೆ ಮೆದುಳಿನಲ್ಲಿ ಈಸ್ಟ್ರೋಜನ್ ಹಾಕುವ ತಡೆಯನ್ನು ತೆಗೆದು ಎಲ್‌ಎಚ್, ಎಫ್‌ಎಸ್‌ಎಚ್ ಏರಿಸುತ್ತದೆ. ವೀರ್ಯಾಣು ತಯಾರಾಗಲು ಸುಮಾರು 74 ದಿನ, ಹೊರಬರುವ ದಾರಿಗೆ ಇನ್ನಷ್ಟು ದಿನ ಬೇಕು. ಆದ್ದರಿಂದ ಯಾವ ಚಿಕಿತ್ಸೆಯ ಫಲವನ್ನೂ ಮೂರು ತಿಂಗಳಿಗೆ ಮೊದಲು ಅಳೆಯಬಾರದು. ಪೂರ್ತಿ ಚೇತರಿಕೆಗೆ ಒಂದು ವರ್ಷವೂ ಹಿಡಿಯಬಹುದು. ಜಿಮ್‌ನಲ್ಲಿ ಇಂಜೆಕ್ಷನ್ ತೆಗೆದುಕೊಂಡಿದ್ದೀರಾ ಎಂದು ಗಂಡನೊಬ್ಬನೇ ಇರುವಾಗ ಕೇಳಬೇಕು. ಅತ್ತೆ-ಮಾವನ ಎದುರು ಯಾರೂ ನಿಜ ಹೇಳುವುದಿಲ್ಲ.

ಹುಟ್ಟಿನಿಂದಲೇ ಎಲ್‌ಎಚ್, ಎಫ್‌ಎಸ್‌ಎಚ್ ಕಡಿಮೆ ಇರುವವರಿಗೂ ಎಚ್‌ಸಿಜಿ, ಎಫ್‌ಎಸ್‌ಎಚ್ ಜೋಡಿಯೇ ಮದ್ದು. ವಾಸನೆಯೂ ತಿಳಿಯದಿದ್ದರೆ ಅದು ಕಾಲ್ಮನ್ ಸಿಂಡ್ರೋಮ್. ಔಷಧದಿಂದಲೇ ವೀರ್ಯಾಣು ತರಿಸಬಹುದಾದ ಕೆಲವೇ ಕಾಯಿಲೆಗಳಲ್ಲಿ ಇದೊಂದು, ಪತ್ತೆಯಾಗದೆ ಉಳಿದರೆ ನಿಜಕ್ಕೂ ಅನ್ಯಾಯ.

ವೀರ್ಯಾಣು ಸೊನ್ನೆ ಇದ್ದಾಗ ನನ್ನ ಸುಲಭ ದಾರಿ

ನಾಲ್ಕೇ ವಿಷಯ ನೋಡಿ: ವೀರ್ಯದ ಪ್ರಮಾಣ, ಪಿಎಚ್ (ಆಮ್ಲ-ಕ್ಷಾರದ ಅಳತೆ), ವೃಷಣದ ಗಾತ್ರ, ಎಫ್‌ಎಸ್‌ಎಚ್. ವರದಿಯಲ್ಲಿ 0.7 ಮಿ.ಲೀ., ಪಿಎಚ್ 6.5, ಫ್ರಕ್ಟೋಸ್ ಇಲ್ಲ, ವೃಷಣ ಸಹಜ, ಎಫ್‌ಎಸ್‌ಎಚ್ ಸಹಜ ಎಂದಿದೆ ಎಂದಿಟ್ಟುಕೊಳ್ಳಿ. ವೀರ್ಯದ ಬಹುಪಾಲು ದ್ರವ, ಕ್ಷಾರ ಗುಣ, ಫ್ರಕ್ಟೋಸ್ ಮೂರೂ ಬರುವುದು ವೀರ್ಯಕೋಶಗಳೆಂಬ ಗ್ರಂಥಿಗಳಿಂದ (ಸೆಮಿನಲ್ ವೆಸಿಕಲ್). ಅದು ಬರದಿದ್ದರೆ ಉಳಿಯುವುದು ಪ್ರಾಸ್ಟೇಟ್‌ನ ಆಮ್ಲೀಯ ದ್ರವ. ಅಂದರೆ ಸ್ಖಲನ ನಾಳ ಮುಚ್ಚಿರಬೇಕು, ಇಲ್ಲವೇ ಹುಟ್ಟಿನಿಂದ ವೀರ್ಯನಾಳವೇ ಇಲ್ಲದಿರಬೇಕು. ಇನ್ನು ಸ್ಕ್ಯಾನಿಗಿಂತ ಮೊದಲು ಬೆರಳು: ವೃಷಣದ ಮೇಲ್ಭಾಗದಲ್ಲಿ ಗಟ್ಟಿ ದಾರದಂತೆ ಸಿಗಬೇಕಾದ ವೀರ್ಯನಾಳ ಎರಡೂ ಬದಿ ಸಿಗದಿದ್ದರೆ ಉತ್ತರ ಅಲ್ಲೇ ಇದೆ. ಆಗ ಗಂಡ-ಹೆಂಡತಿ ಇಬ್ಬರಿಗೂ ಸಿಎಫ್‌ಟಿಆರ್ ಜೀನ್ (ಇದರ ದೋಷ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಗೆ ಕಾರಣ) ಪರೀಕ್ಷೆ ಮಾಡಿಸಿ, ಎಪಿಡಿಡಿಮಿಸ್‌ನಿಂದ (ವೃಷಣಕ್ಕೆ ಅಂಟಿರುವ, ವೀರ್ಯಾಣು ಸಂಗ್ರಹವಾಗುವ ಸುರುಳಿ ನಾಳ) ಅಥವಾ ವೃಷಣದಿಂದ ವೀರ್ಯಾಣು ತೆಗೆದು ಇಕ್ಸಿ (ಒಂದು ವೀರ್ಯಾಣುವನ್ನು ನೇರವಾಗಿ ಅಂಡಾಣುವಿನೊಳಗೆ ಚುಚ್ಚುವುದು) ಮಾಡುತ್ತಾರೆ.

ವೃಷಣ ಚಿಕ್ಕದು, ಎಫ್‌ಎಸ್‌ಎಚ್ ಹೆಚ್ಚು ಎಂದರೆ ದೋಷ ತಯಾರಿಕೆಯಲ್ಲಿ. ಕ್ರೋಮೋಸೋಮ್ ಪರೀಕ್ಷೆಯ ಜೊತೆಗೆ ವೈ ಕ್ರೋಮೋಸೋಮ್‌ನ ಎಝಡ್‌ಎಫ್ ಭಾಗಗಳನ್ನೂ (ವೀರ್ಯಾಣು ತಯಾರಿಕೆಗೆ ಬೇಕಾದ ಎ, ಬಿ, ಸಿ ಎಂಬ ಮೂರು ತುಣುಕು) ನೋಡಬೇಕು. ‘ಎ’ ಅಥವಾ ‘ಬಿ’ ಭಾಗ ಪೂರ್ತಿ ಇಲ್ಲದಿದ್ದರೆ ವೃಷಣದಲ್ಲಿ ವೀರ್ಯಾಣು ಹುಡುಕುವ ಶಸ್ತ್ರಚಿಕಿತ್ಸೆಯೇ ಬೇಡ. ‘ಸಿ’ ಮಾತ್ರ ಇಲ್ಲದಿದ್ದರೆ ಸಿಗಬಹುದು, ಆದರೆ ಆ ಕೊರತೆ ಗಂಡುಮಕ್ಕಳಿಗೂ ಹೋಗುತ್ತದೆ ಎಂದು ಮೊದಲೇ ತಿಳಿಸಬೇಕು. ಎಫ್‌ಎಸ್‌ಎಚ್ ಸಹಜವಿದ್ದೂ ವೀರ್ಯಾಣುವಿನ ಬೆಳವಣಿಗೆ ನಡುವೆ ನಿಂತಿರುವುದುಂಟು. ಈ ಸುಲಭ ದಾರಿ ಅಲ್ಲಿ ಸೋಲುತ್ತದೆ.

ವೆರಿಕೋಸೀಲ್ (ವೃಷಣದ ಸುತ್ತಲಿನ ರಕ್ತನಾಳ ಉಬ್ಬುವುದು) ಬಗ್ಗೆ ಒಂದೇ ಮಾತು: ಕೈಗೆ ಸಿಗುವಂತಿದ್ದು ವರದಿಯೂ ಕೆಟ್ಟಿದ್ದರೆ ಶಸ್ತ್ರಚಿಕಿತ್ಸೆ, ಸ್ಕ್ಯಾನಿನಲ್ಲಿ ಮಾತ್ರ ಕಂಡರೆ ಬೇಡ. ಆಂಟಿಆಕ್ಸಿಡೆಂಟ್ ಮಾತ್ರೆಗಳಿಗೆ ಪುರಾವೆ ದುರ್ಬಲ. ಹೆಂಡತಿಗೆ 37 ವರ್ಷವಾಗಿದ್ದರೆ ಅವುಗಳ ಮೇಲೆ ಭರವಸೆಯಿಟ್ಟು ಆರು ತಿಂಗಳು ಕಾಯಿಸುವುದು ಆಕೆಯ ಅಂಡಾಣುಗಳ ಸಮಯವನ್ನು ಖರ್ಚು ಮಾಡಿದಂತೆ. ಗಂಡನ ಚಿಕಿತ್ಸೆಯ ಚೀಟಿಯಲ್ಲಿ ಆಕೆಯ ವಯಸ್ಸನ್ನೂ ಬರೆಯಿರಿ.