‘ಕಟ್ಟಲಿಲ್ಲ’ವೋ ‘ಕಟ್ಟಲಾಗಲಿಲ್ಲ’ವೋ: ಅಮೆರಿಕದ ಪ್ರೊಬೇಷನ್ ಬಾಕಿ ಪ್ರಕರಣಗಳ ಟಿಪ್ಪಣಿ

ಅಮೆರಿಕದಲ್ಲಿ ಪ್ರೊಬೇಷನ್ ಮೇಲೆ, ಅಂದರೆ ಜೈಲಿನ ಬದಲು ಕೋರ್ಟಿನ ಷರತ್ತುಗಳಿಗೆ ಒಳಪಟ್ಟು, ಹೊರಗಿರುವವರ ತಲೆಯ ಮೇಲೆ ಹಲವು ಬಗೆಯ ಹಣದ ಹೊರೆ ಇರುತ್ತದೆ: ದಂಡ, ಕೋರ್ಟ್ ಖರ್ಚು, ಸಂತ್ರಸ್ತರಿಗೆ ಕೊಡಬೇಕಾದ ಪರಿಹಾರ, ಜೊತೆಗೆ ಹಲವು ರಾಜ್ಯಗಳಲ್ಲಿ ತಿಂಗಳ ಮೇಲ್ವಿಚಾರಣಾ ಶುಲ್ಕ. (ನಮ್ಮ 1958ರ ಪ್ರೊಬೇಷನ್ ಕಾಯ್ದೆಯಲ್ಲಿ ಪರಿಹಾರವನ್ನೂ ಖರ್ಚನ್ನೂ ಕಟ್ಟಿಸಲು ಅವಕಾಶವಿದೆ. ತಿಂಗಳ ಶುಲ್ಕವೆಂಬುದು ಇಲ್ಲ. ಆ ವ್ಯತ್ಯಾಸ ಮರೆತು ಓದಿದರೆ ಮುಂದಿನದು ಅರ್ಥವಾಗುವುದಿಲ್ಲ.) ಕಂತು ತಪ್ಪಿದರೆ ಅದೇ ಷರತ್ತಿನ ಉಲ್ಲಂಘನೆ ಎಂದು ಪ್ರೊಬೇಷನ್ ರದ್ದತಿಗೆ ಅರ್ಜಿ ಬೀಳಬಹುದು.

ಇಲ್ಲಿ ಓದಲೇಬೇಕಾದ ತೀರ್ಪು 1983ರ ಬೇರ್ಡನ್ ವರ್ಸಸ್ ಜಾರ್ಜಿಯಾ. ಆರೋಪಿ ಬೇರ್ಡನ್‌ಗೆ 500 ಡಾಲರ್ ದಂಡ, 250 ಡಾಲರ್ ಪರಿಹಾರ ವಿಧಿಸಲಾಗಿತ್ತು. ಮೊದಲ 200 ಡಾಲರನ್ನು ತಂದೆತಾಯಿಯಿಂದ ಸಾಲ ತಂದು ಕಟ್ಟಿದ. ಉಳಿದ 550ಕ್ಕೆ ನಾಲ್ಕು ತಿಂಗಳ ಗಡುವು. ಅಷ್ಟರಲ್ಲಿ ಕೆಲಸ ಹೋಯಿತು. ಓದು ಬಾರದವನಿಗೆ ಬೇರೆ ಕೆಲಸ ಸಿಗಲಿಲ್ಲ. ಹಣ ತಡವಾಗುತ್ತದೆಂದು ಪ್ರೊಬೇಷನ್ ಕಚೇರಿಗೆ ಮೊದಲೇ ತಿಳಿಸಿದ್ದ. ಆದರೂ ಜೈಲಾಯಿತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ನ್ಯಾಯಮೂರ್ತಿ ಸ್ಯಾಂಡ್ರಾ ಡೇ ಓಕಾನರ್ ಬರೆದ ತೀರ್ಪಿನ ತಿರುಳು ಇಷ್ಟು: ನ್ಯಾಯಾಧೀಶರು ಮೊದಲು ‘ಏಕೆ ಕಟ್ಟಲಿಲ್ಲ’ ಎಂದು ವಿಚಾರಿಸಬೇಕು. ಕೈಲಿದ್ದೂ ಕಟ್ಟದಿದ್ದರೆ, ಅಥವಾ ಕೆಲಸ ಹುಡುಕಲು, ಸಾಲ ಪಡೆಯಲು ಪ್ರಾಮಾಣಿಕವಾಗಿ ಯತ್ನಿಸದಿದ್ದರೆ ರದ್ದು ಮಾಡಬಹುದು. ಯತ್ನಿಸಿಯೂ ಆಗದಿದ್ದರೆ ಗಡುವು ವಿಸ್ತರಣೆ, ಮೊತ್ತ ಇಳಿಕೆ, ಸಮುದಾಯ ಸೇವೆಯಂಥ ದಾರಿಗಳನ್ನು ನೋಡಬೇಕು. ಅವು ಯಾವುವೂ ಸಾಲದೆಂದು ಕಂಡರೆ ಮಾತ್ರ ಜೈಲು.

ಹಲವರು ಎಡವುವುದು ಇಲ್ಲೇ. ಬಡವರನ್ನು ಜೈಲಿಗೆ ಹಾಕುವಂತೆಯೇ ಇಲ್ಲ ಎಂದು ಈ ತೀರ್ಪು ಹೇಳಿಲ್ಲ. ಬಡತನ ರಕ್ಷಣೆಯಾಗಬೇಕಾದರೆ ಯತ್ನದ ಪುರಾವೆ ಬೇಕು.

ಹಾಗಾಗಿ ನಿಜವಾದ ಕೆಲಸ ವಿಚಾರಣೆಗೆ ಮುಂಚೆಯೇ ಶುರುವಾಗುತ್ತದೆ. ಕಂತಿನ ದಿನಕ್ಕೆ ಮೊದಲೇ ಪ್ರೊಬೇಷನ್ ಅಧಿಕಾರಿಗೆ ಲಿಖಿತವಾಗಿ ತಿಳಿಸಬೇಕು, ಅದರ ಪ್ರತಿ ಇಟ್ಟುಕೊಳ್ಳಬೇಕು. ಹತ್ತೇ ಡಾಲರ್ ಆದರೂ ಕಟ್ಟಿ ರಸೀದಿ ಪಡೆಯುವುದು ಒಳ್ಳೆಯದು, ಅದು ಇಚ್ಛೆಯ ಸಾಕ್ಷಿ. ಕೆಲಸದಿಂದ ತೆಗೆದ ಪತ್ರ, ಸಂಬಳದ ಚೀಟಿ, ಬ್ಯಾಂಕ್ ವಿವರ, ಬಾಡಿಗೆ ಕರಾರು, ಸರ್ಕಾರಿ ನೆರವಿನ ಪತ್ರ, ಯಾವ ದಿನ ಎಲ್ಲಿ ಕೆಲಸ ಕೇಳಿದ್ದು ಎಂಬ ಪಟ್ಟಿ, ಎಲ್ಲವೂ ಒಂದೇ ಕಡತದಲ್ಲಿರಲಿ. ಬ್ಯಾಂಕ್ ವಿವರವನ್ನು ಮೊದಲು ತಾವೇ ಓದಿಕೊಳ್ಳಬೇಕು. ಸರ್ಕಾರಿ ವಕೀಲರು ಕೇಳುವುದೇ ‘ಈ ಖರ್ಚಿಗೆ ದುಡ್ಡಿತ್ತಲ್ಲ?’ ಎಂದು.

ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ, ದುಡ್ಡಿಲ್ಲವೆಂದು ಹೆದರಿ ಹಾಜರಿ ತಪ್ಪಿಸುವುದು. ಹಣ ಕಟ್ಟಲಾಗದ್ದಕ್ಕೆ ಬೇರ್ಡನ್ ತೀರ್ಪಿನ ರಕ್ಷಣೆ ಇದೆ, ಹಾಜರಾಗದ್ದಕ್ಕೆ ಇಲ್ಲ. ಅದು ಪ್ರತ್ಯೇಕ ಉಲ್ಲಂಘನೆ, ವಾರಂಟಿಗೂ ದಾರಿ. ಅನೇಕ ರಾಜ್ಯಗಳಲ್ಲಿ ವಾರಂಟ್ ಹೊರಟ ಮೇಲೆ ಪ್ರೊಬೇಷನ್ನಿನ ಅವಧಿಯ ಗಡಿಯಾರವೂ ನಿಲ್ಲುತ್ತದೆ, ಶಿಕ್ಷೆ ಸವೆಯುವುದೇ ಇಲ್ಲ.

ವಿಚಾರಣೆಯ ದಿನ ‘ಉಲ್ಲಂಘನೆ ಒಪ್ಪುತ್ತೀರಾ?’ ಎಂಬ ಪ್ರಶ್ನೆಗೆ ಬರಿದೇ ಹೌದೆನ್ನುವುದು ಅಪಾಯ. ‘ಬಾಕಿ ಇರುವುದು ನಿಜ, ಬೇಕೆಂದು ಉಳಿಸಿಕೊಂಡಿಲ್ಲ’ ಎಂಬ ಮಾತು ದಾಖಲೆಗೆ ಹೋಗಬೇಕು. ನ್ಯಾಯಾಧೀಶರು ಕಾರಣ ಕೇಳದಿದ್ದರೆ ವಕೀಲರೇ ಬೇರ್ಡನ್ ಹೆಸರೆತ್ತಿ ಕೇಳಿಸಬೇಕು, ಇಲ್ಲವಾದರೆ ಮೇಲ್ಮನವಿಯಲ್ಲಿ ಹಿಡಿಯಲು ಏನೂ ಇರುವುದಿಲ್ಲ. ವಕೀಲರ ಹಕ್ಕು ಎಲ್ಲರಿಗೂ ತಾನಾಗಿ ಬರುವುದಿಲ್ಲ. 1973ರ ಗ್ಯಾಗ್ನನ್ ವರ್ಸಸ್ ಸ್ಕಾರ್ಪೆಲಿ ತೀರ್ಪಿನಂತೆ ಅದು ಪ್ರಕರಣ ನೋಡಿ ನಿರ್ಧಾರವಾಗುವಂಥದ್ದು. ಕೆಲವು ರಾಜ್ಯಗಳ ಕಾನೂನು ಇದಕ್ಕಿಂತ ಉದಾರವಾಗಿದೆ. ಆದ್ದರಿಂದ ನೋಟಿಸ್ ಬಂದ ಕೂಡಲೇ ಸರ್ಕಾರಿ ವೆಚ್ಚದ ವಕೀಲರಿಗಾಗಿ ಕೇಳಬೇಕು. ವಿಚಾರಣೆಯೇ ಬೇಡವೆಂದು ಬರೆದುಕೊಡುವ ಕಾಗದ ಮುಂದಿಟ್ಟರೆ, ವಕೀಲರಿಗೆ ತೋರಿಸದೆ ಸಹಿ ಹಾಕಬಾರದು.

ಅರ್ಜಿ ಬೀಳುವವರೆಗೆ ಕಾಯಬೇಕೆಂದೇನೂ ಇಲ್ಲ. ಷರತ್ತು ಬದಲಿಸಿ ಎಂದು ತಾವೇ ಕೋರ್ಟಿಗೆ ಮನವಿ ಹಾಕಬಹುದು. ಆಗ ಶುಲ್ಕ ಮತ್ತು ಪರಿಹಾರವನ್ನು ಬೇರೆಬೇರೆಯಾಗಿ ಹೇಳಬೇಕು: ಮೇಲ್ವಿಚಾರಣಾ ಶುಲ್ಕ ಮನ್ನಾ ಮಾಡುವುದು ಸುಲಭ, ಸಂತ್ರಸ್ತರ ಪಾಲು ಇಳಿಸಲು ಕೋರ್ಟುಗಳು ಹಿಂದೇಟು ಹಾಕುತ್ತವೆ.